ದಂದಕ್ಕಿಯ ಜಾಗದಾಗ ಕಾರು

ಅಮೀನಗಡದಲ್ಲಿ ಹೊಸ ಮನೆಯ ನಕಾಶೆ ಹಾಕಿಸಲು ಕುಳಿತರೆ ಮಾತು ವಾಹನದಿಂದಲೇ ಶುರುವಾಗುತ್ತದೆ. ಅಡುಗೆಮನೆ ಆಗ್ನೇಯಕ್ಕಿರಲಿ, ದೇವರ ಜಗಲಿ ಈಶಾನ್ಯಕ್ಕಿರಲಿ ಎಂಬುದೆಲ್ಲ ಆಮೇಲೆ. "ಗಾಡಿ ಒಳಗ ನಿಂದ್ರಬೇಕ್ರಿ ಸರ, ಹೊರಗ ಬಿಟ್ರ ಬಿಸಲಿಗೆ ಸೀಟು ಸುಟ್ಟು ಹೋಗತಾವು" ಎನ್ನುವುದು ಮೊದಲ ಬೇಡಿಕೆ. ಬೇಡಿಕೆಯಲ್ಲಿ ತಪ್ಪೇನಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುವ ಸೀಮೆ ಇದು. ಹಾಗಾಗಿ 30×40ರ ನಿವೇಶನದಲ್ಲಿ ಮುಂಭಾಗದ ಹತ್ತು ಅಡಿ ಗಾಡಿಗೆ ಮೀಸಲಾಗುತ್ತದೆ. ಮುಂದೆ ಕಬ್ಬಿಣದ ಶಟರ್, ಮೇಲೆ ಸ್ಲ್ಯಾಬ್. ಆ ಜಾಗದ ಬೆನ್ನಿಗೋ ಮಗ್ಗುಲಿಗೋ ಮಲಗುವ ಕೋಣೆ. ನಡುವೆ ನಾಲ್ಕಿಂಚಿನ ಒಂದು ಗೋಡೆ.

ನಾನು ಬರೆಯಹೊರಟಿರುವುದು ಈ ಗೋಡೆಯ ಬಗ್ಗೆ.

ಇದು ನಾಲ್ಕಿಂಚಿನದೇ ಏಕೆ ಎಂದು ಯಾವ ಗೌಂಡಿಯನ್ನಾದರೂ ಕೇಳಿ ನೋಡಿ. "ಒಳಗಿನ ಗೋಡಿ ಅಲ್ಲೇನ್ರಿ, ಅದಕ್ಕ ಯಾಕ ಒಂಬತ್ತಿಂಚು?" ಎನ್ನುತ್ತಾನೆ. ಅವನ ಲೆಕ್ಕ ಸರಿಯಾಗಿಯೇ ಇದೆ. ಸ್ಲ್ಯಾಬಿನ ಭಾರವನ್ನು ಕಾಲಮ್ಮು, ಬೀಮು ಹೊತ್ತಿರುತ್ತವೆ. ಈ ಗೋಡೆಗೆ ಮಳೆ ಬಡಿಯುವುದಿಲ್ಲ, ಬೀದಿ ಕಾಣುವುದಿಲ್ಲ, ಮನೆಯ ಚೆಂದಕ್ಕೂ ಇದಕ್ಕೂ ಸಂಬಂಧವಿಲ್ಲ. ತೆಳುವಾಗಿ ಕಟ್ಟಿದರೆ ಇಟ್ಟಂಗಿ ಉಳಿಯುತ್ತದೆ, ಜೊತೆಗೆ ಕೋಣೆಗೆ ಐದಿಂಚು ಹೆಚ್ಚಿಗೆ ಸಿಗುತ್ತದೆ. ಆದರೆ ಗೌಂಡಿಗೆ ಒಳಗೋಡೆಯಾದದ್ದು ಬಿಸಿಲಿಗೆ ಹೊರಗೋಡೆ. ಪಡುವಣಕ್ಕೆ ಮುಖಮಾಡಿದ ಶಟರ್ ಮಧ್ಯಾಹ್ನ ಮೂರರ ಬಿಸಿಲು ಕುಡಿದು ಒಳಗಿನ ಗಾಳಿಯನ್ನು ಕಾಯಿಸುತ್ತದೆ. ಸಂಜೆ ಬಾಗಲಕೋಟೆಯಿಂದ ಬಂದು ನಿಂತ ಕಾರಿನ ಎಂಜಿನ್ನಿನ ನೀರು ಆಗಷ್ಟೇ 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಬಿಸಿ ಆರಲೇಬೇಕು, ಆರುವುದಕ್ಕೆ ಇರುವುದು ಆ ಮುಚ್ಚಿದ ಜಾಗವೊಂದೇ. ಅಲ್ಲಿಂದ ಅದಕ್ಕೆ ಸಲೀಸಾಗಿ ಸಿಗುವ ದಾರಿ ಎಂದರೆ ಆ ನಾಲ್ಕಿಂಚಿನ ಗೋಡೆ, ಅದರಾಚೆಗೆ ನಾವು ಮಲಗುವ ಮಂಚ.

ಎತ್ತು ಒಳಗೇ ಇದ್ದ ಮನೆ

ಗಾಡಿಯನ್ನು ಮನೆಯೊಳಗೆ ನಿಲ್ಲಿಸುವುದು ಹೊಸ ಚಾಳಿ ಎಂದುಕೊಳ್ಳಬೇಕಿಲ್ಲ. ಹುನಗುಂದ, ಬಾದಾಮಿ ಕಡೆಯ ಹಳೆಯ ಮಾಳಿಗೆ ಮನೆಯ ತಲೆಬಾಗಿಲು ದಾಟಿದೊಡನೆ ಸಿಗುತ್ತಿದ್ದುದು ದನ ಕಟ್ಟುವ ಜಾಗವೇ. ಅದೇ ದಂದಕ್ಕಿ. ಒಂದು ಬದಿಗೆ ಗ್ವಾದಲಿ, ನೆಲಕ್ಕೆ ಗೂಟ, ಮೂಲೆಯಲ್ಲಿ ಕೂರಿಗೆ, ಕುಂಟೆ, ನೊಗ. ಅಲ್ಲಿಂದ ಮೊಣಕಾಲೆತ್ತರದ ಕಟ್ಟೆ ಹತ್ತಿದರೆ ಪಡಸಾಲೆ. ಮನೆಯವರು ಕೂಡ್ರುವುದು, ಉಣ್ಣುವುದು, ಬೀಗರಿಗೆ ಜಮಖಾನೆ ಹಾಸುವುದು ಎಲ್ಲ ಅಲ್ಲಿ. ಅದರ ಹಿಂದೆ ಅಡುಗೆಮನೆ, ದೇವರಮನೆ. ಮೇಲೆ ಬೆಳಕಿಂಡಿ. ಅಂಕಣದ ಲೆಕ್ಕದಲ್ಲಿ ಅಳೆಯುತ್ತಿದ್ದ ಮನೆಯಲ್ಲಿ ಮುಂದಿನ ಅಂಕಣಗಳು ದನಕ್ಕೆ, ಹಿಂದಿನವು ಜನಕ್ಕೆ.

ಒಕ್ಕಲುತನದವನಿಗೆ ಜೋಡೆತ್ತು ಎಂದರೆ ಮನೆಯ ದೊಡ್ಡ ಆಸ್ತಿ. ಕಳ್ಳರ ಕೈಗೆ ಸಿಗದಂತೆ, ರಾತ್ರಿ ಮೇವು ಹಾಕಲು ಅನುಕೂಲವಾಗುವಂತೆ ಅದನ್ನು ಕಣ್ಣೆದುರೇ ಕಟ್ಟುತ್ತಿದ್ದರು. ಡಿಸೆಂಬರಿನ ಚಳಿಯಲ್ಲಿ ಎತ್ತಿನ ಮೈಬಿಸಿಯೂ ಮನೆಗೆ ಉಪಕಾರವೇ. ಉತ್ತರ ಜರ್ಮನಿಯ ಹಳೆಯ ರೈತಮನೆಗಳಲ್ಲೂ ಒಂದೇ ಸೂರಿನಡಿ ಹೀಗೆ ದನ-ಜನ ಇದ್ದರು. ಅಲ್ಲಿ ಚಳಿ ಮುಖ್ಯ ಕಾರಣವಾದರೆ, ಇಲ್ಲಿ ಎತ್ತಿನ ಬೆಲೆ.

ದಂದಕ್ಕಿಗೂ ಪಡಸಾಲೆಗೂ ನಡುವೆ ಎಷ್ಟೋ ಮನೆಗಳಲ್ಲಿ ಗೋಡೆಯೇ ಇರುತ್ತಿರಲಿಲ್ಲ. ಬೇರ್ಪಡಿಸುತ್ತಿದ್ದುದು ನೆಲದ ಎತ್ತರ. ದನದ ಗಂಜಲ ಜನ ಕೂಡ್ರುವ ಕಡೆಗೆ ಹರಿಯಬಾರದು, ವಾಸನೆಯ ಗಾಳಿ ಬೆಳಕಿಂಡಿಯಿಂದ ಮೇಲೆದ್ದು ಹೋಗಬೇಕು. ಈ ಎರಡು ಕೆಲಸವನ್ನು ಒಂದು ಕಟ್ಟೆ, ಒಂದು ಕಿಂಡಿ ಮಾಡುತ್ತಿದ್ದವು. ಇಂದಿನ ಪಾರ್ಕಿಂಗ್ ಕಟ್ಟುವವರು ಈ ಎರಡನ್ನೂ ಮರೆತಿದ್ದಾರೆ. ಗಾಡಿ ಏರಿಸಲು ತೊಂದರೆಯಾಗುತ್ತದೆ ಎಂದು ಪಾರ್ಕಿಂಗಿನ ನೆಲವನ್ನೂ ಮನೆಯ ನೆಲವನ್ನೂ ಒಂದೇ ಮಟ್ಟಕ್ಕೆ ತಂದು ಒಂದೇ ಟೈಲ್ಸ್ ಹಾಕಿಸುತ್ತಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದರೆ ಅದು ಮೇಲೇಳದೆ ನೆಲ ಹಿಡಿದು ಹರಿಯುತ್ತದೆ, ಬಾಗಿಲ ಸಂದಿಯಲ್ಲಿ ನುಸುಳುತ್ತದೆ. ಗಂಜಲಕ್ಕೆಂದು ಮಾಡಿದ ಆ ಕಟ್ಟೆ ಪೆಟ್ರೋಲಿಗೂ ಅಷ್ಟೇ ಸರಿಯಾಗಿ ಹೊಂದುತ್ತಿತ್ತು.

ಹಳೆಯ ಮನೆ ತಂಪು ಎಂಬ ಮಾತಿದೆಯಲ್ಲ, ಅದರಲ್ಲಿ ಅರ್ಧ ಮಾತ್ರ ನಿಜ. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಹಾಸಿ ಮೊಳದುದ್ದ ಮಣ್ಣು. ವರ್ಷಕ್ಕೆ 600 ಮಿಲಿಮೀಟರಿನೊಳಗೇ ಮಳೆ ಬೀಳುವ ಸೀಮೆಯಾದ್ದರಿಂದ ಮಣ್ಣಿನ ಮಾಳಿಗೆ ನಡೆಯಿತು. ಮಲೆನಾಡಿನಲ್ಲಾಗಿದ್ದರೆ ಒಂದೇ ಮಳೆಗಾಲಕ್ಕೆ ಕುಸಿಯುತ್ತಿತ್ತು. ಕಲ್ಲು ಬಿಸಿಯನ್ನು ತಡೆಯುವ ವಸ್ತುವಲ್ಲ. ಮರಳುಗಲ್ಲಾಗಲಿ, ಇಳಕಲ್ಲಿನ ಕೆಂಪು ಗ್ರಾನೈಟಾಗಲಿ ಇಟ್ಟಂಗಿಗಿಂತ ಎರಡು-ಮೂರು ಪಟ್ಟು ಚುರುಕಾಗಿ ಬಿಸಿಯನ್ನು ದಾಟಿಸುತ್ತವೆ. ಹಳೆಯ ಗೋಡೆಯ ಗುಣ ಇದ್ದದ್ದು ಅದರ ತೂಕದಲ್ಲಿ. ಹಗಲೆಲ್ಲ ಬಿಸಿಲು ಕುಡಿದರೂ ಒಳಮೈ ಕಾಯುವುದಕ್ಕೆ ಹಲವು ತಾಸು ಬೇಕಾಗುತ್ತಿತ್ತು, ಅಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಆಮೇಲೆ ಆ ಬಿಸಿ ಒಳಗೆ ಬರುತ್ತಲೇ ಇತ್ತು, ಬರಿಗೈಯಿಂದ ಗೋಡೆ ಮುಟ್ಟಿದರೆ ತಿಳಿಯುತ್ತಿತ್ತು. ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಕೌದಿ ಹೊತ್ತು ಮಾಳಿಗೆ ಏರುತ್ತಿದ್ದುದು ಚುಕ್ಕಿ ಎಣಿಸುವ ರಸಿಕತೆಯಿಂದಲ್ಲ, ಒಳಗೆ ಮಲಗಲಾಗದೆ. ಹಳೆಯ ಮನೆಯನ್ನು ಹೊಗಳುವ ನಮ್ಮ ಲೇಖನಗಳಲ್ಲಿ ಈ ಮಾತು ಕಾಣಸಿಗುವುದು ಕಡಿಮೆ.

ಗೋಡೆಯ ಲೆಕ್ಕ

ಬಿಸಿ ದಾಟುವುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಹತ್ತಡಿ ಎತ್ತರ, ಹನ್ನೊಂದಡಿ ಅಗಲದ ಗೋಡೆ ಎಂದರೆ ಸುಮಾರು 10 ಚದರ ಮೀಟರ್. ಪಾರ್ಕಿಂಗಿನ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿ ಹೆಚ್ಚು ಬಿಸಿ ಇದೆ ಎಂದಿಟ್ಟುಕೊಳ್ಳೋಣ. ಎರಡೂ ಕಡೆ ಪ್ಲಾಸ್ಟರ್ ಮಾಡಿದ ನಾಲ್ಕಿಂಚಿನ ಇಟ್ಟಂಗಿ ಗೋಡೆಯಲ್ಲಿ ಆಗ ಸುಮಾರು 240 ವಾಟ್ ಬಿಸಿ ಒಳಗೆ ಬರುತ್ತದೆ. ಹಳೆಯ ಕಾಲದ 60 ವಾಟಿನ ನಾಲ್ಕು ಬಲ್ಬು ಹಚ್ಚಿಟ್ಟಷ್ಟಾಯಿತು. ಅದೇ ಗೋಡೆಯನ್ನು ಒಂಬತ್ತಿಂಚಿಗೆ ಏರಿಸಿದರೆ ಸುಮಾರು 175 ವಾಟ್. ಕಲ್ಲು-ಮಣ್ಣಿನ ಒಂದೂವರೆ ಅಡಿ ಗೋಡೆಯದೂ ಹೆಚ್ಚುಕಡಿಮೆ ಇಷ್ಟೇ. ಗಾಳಿಗುಳ್ಳೆಗಳಿಂದ ತುಂಬಿದ, ಹಗುರವಾದ ಎಎಸಿ ಬ್ಲಾಕಿನಲ್ಲಿ ಆರಿಂಚು ಗೋಡೆ ಕಟ್ಟಿದರೆ 90ರ ಹತ್ತಿರ. ನಾಲ್ಕಿಂಚಿನ ಗೋಡೆಗೇ ಎರಡಿಂಚಿನ ಕಲ್ಲುನಾರಿನ ಹಲಗೆ, ಅಂದರೆ ರಾಕ್‌ವೂಲ್, ಹಚ್ಚಿ ಮೇಲೆ ಜಿಪ್ಸಮ್ ಹಲಗೆ ಹೊದಿಸಿದರೆ 60 ವಾಟಿಗೆ ಇಳಿಯುತ್ತದೆ.

ಅಂದರೆ ಇಟ್ಟಂಗಿಯ ದಪ್ಪ ಇಮ್ಮಡಿ ಮಾಡಿದರೆ ಬಿಸಿ ಕಾಲುಭಾಗದಷ್ಟು ತಗ್ಗುತ್ತದೆ, ಎರಡಿಂಚು ನಾರು ಹಚ್ಚಿದರೆ ಮುಕ್ಕಾಲುಭಾಗ. ಕಾರಣ ಸರಳ. ಅಲುಗಾಡದೆ ನಿಂತ ಗಾಳಿ ಬಿಸಿಗೆ ದೊಡ್ಡ ಅಡ್ಡಿ. ರಾಕ್‌ವೂಲ್, ಗ್ಲಾಸ್‌ವೂಲ್, ಥರ್ಮಾಕೋಲ್, ಎಎಸಿ ಬ್ಲಾಕ್ ಎಲ್ಲವೂ ಮಾಡುವ ಕೆಲಸ ಒಂದೇ, ಗಾಳಿಯನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಕೂಡಿಹಾಕುವುದು.

ಇಷ್ಟು ಓದಿದವರು ನಾಳೆಯೇ ಇಳಕಲ್ಲಿಗೆ ಹೋಗಿ ರಾಕ್‌ವೂಲ್ ತರಲು ಹೊರಟರೆ ಸ್ವಲ್ಪ ತಡೆಯಬೇಕು. ಕೋಣೆಗೆ ಬಿಸಿ ಬರುವುದು ಈ ಗೋಡೆಯಿಂದ ಮಾತ್ರವಲ್ಲ. ಅಮೀನಗಡ ಇರುವುದು ಉತ್ತರ ಅಕ್ಷಾಂಶ 16 ಡಿಗ್ರಿಯ ಹತ್ತಿರ. ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅದೇ ಸ್ಥಿತಿ ಆಗಸ್ಟ್ ಎರಡನೆಯ ವಾರದಲ್ಲಿ ಮತ್ತೊಮ್ಮೆ ಬರುತ್ತದೆ, ಆಗ ಮೋಡ ಕಾಯುತ್ತದೆ. ಬೇಸಿಗೆಯ ಬಿಸಿಲಿನ ದೊಡ್ಡ ಪಾಲು ಬೀಳುವುದು ಸ್ಲ್ಯಾಬಿನ ಮೇಲೆ. ಅದಾದ ಮೇಲೆ ಪಡುವಣ ಗೋಡೆ. ಪಾರ್ಕಿಂಗಿನ ಗೋಡೆಗೆ ನೇರ ಬಿಸಿಲಿಲ್ಲ. ಅದಕ್ಕೆ ತಾಗುವುದು ಶಟರಿನ ಬಿಸಿ, ಎಂಜಿನ್ನಿನ ಬಿಸಿ, ಮುಚ್ಚಿದ ಗಾಳಿಯ ಬಿಸಿ.

ಗಾಳಿ ಆಡುವ ಪಾರ್ಕಿಂಗ್ ಪಡುವಣ ಬಿಸಿಲನ್ನು ತನ್ನ ಮೈಮೇಲೆ ತೆಗೆದುಕೊಂಡು ಹಿಂದಿನ ಕೋಣೆಗೆ ನೆರಳಾಗುತ್ತದೆ. ಅದೇ ಜಾಗವನ್ನು ಶಟರಿನಿಂದ ಮುಚ್ಚಿದರೆ ಭಟ್ಟಿಯಾಗುತ್ತದೆ. ನೆರಳಾದ ಪಾರ್ಕಿಂಗಿನ ಹಿಂದೆ ಒಂಬತ್ತಿಂಚಿನ ಗೋಡೆ ಧಾರಾಳ ಸಾಕು. ಶಟರ್ ಹಾಕಿದ ಮೇಲೆ ಎರಡಿಂಚು ನಾರು ಹಚ್ಚಿದರೂ ಸೆಕೆ ಪೂರಾ ಹೋಗದು.

ಗುಡಿಯಲ್ಲಿದ್ದವರು, ಆಸರೆ ಮನೆಗೆ ಹೋದವರು

ಅಮೀನಗಡದಿಂದ ಐಹೊಳೆ ದೂರವಿಲ್ಲ. ಅಲ್ಲಿಯ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಒಂದು ಕಾಲಕ್ಕೆ ಅದರೊಳಗೆ ವಾಸವಾಗಿದ್ದ ಲಾಡಖಾನನಿಂದ. ಸಂರಕ್ಷಣೆಯ ಕೆಲಸ ಶುರುವಾಗುವ ಮೊದಲು ಐಹೊಳೆಯ ಜನ ಗುಡಿಗಳಲ್ಲೇ ಸಂಸಾರ ಹೂಡಿದ್ದರು, ದನ ಕಟ್ಟಿದ್ದರು. ಮರಳುಗಲ್ಲಿನ ದಪ್ಪ ಗೋಡೆ, ಮೇಲೆ ಕಲ್ಲಿನ ಚಪ್ಪಡಿ, ಚಪ್ಪಡಿಗಳ ಸಂದಿ ಮುಚ್ಚಲು ಉದ್ದನೆಯ ಕಲ್ಲಿನ ಪಟ್ಟಿ. ಈ ಗುಡಿಯಲ್ಲಿ ನನ್ನ ಕಣ್ಣು ಹೋಗುವುದು ಅದರ ಕಲ್ಲಿನ ಜಾಲಂಧ್ರಗಳ ಕಡೆಗೆ. ಬಿಸಿಲು ಒಳಗೆ ಬೀಳದೆ ಗಾಳಿ ಮಾತ್ರ ಆಡುವಂತೆ ಕೊರೆದ ಕಿಟಕಿಗಳು. ಬಿರುಬಿಸಿಲಿನ ಮಧ್ಯಾಹ್ನ ಪ್ರವಾಸಿಗರು ಬಂದು ಕೂಡ್ರುವುದು ಅಲ್ಲೇ. ನಮ್ಮ ಪಾರ್ಕಿಂಗಿಗೆ ಬೇಕಾಗಿರುವುದು ಇಂಥದೊಂದು ಜಾಲಂಧ್ರ. ಸಿಮೆಂಟಿನದಾದರೂ ನಡೆದೀತು, ಅಂಗಡಿಯಲ್ಲಿ ಸಿಗುತ್ತದೆ.

ಮಣ್ಣಿನ ಮನೆಯಿಂದ ಸಿಮೆಂಟಿನ ಮನೆಗೆ ಈ ಸೀಮೆಯ ಜನ ಸರಿದದ್ದು ಕೇವಲ ಆಸೆಯಿಂದಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರು ಪುನರ್ವಸತಿ ಕೇಂದ್ರಗಳಿಗೆ ಬಂದರು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ನೆನೆನೆನೆದು ಕುಸಿದವು. ಆಮೇಲೆ 'ಆಸರೆ' ಹೆಸರಿನಲ್ಲಿ ದಾನಿಗಳ ನೆರವಿನಿಂದ ಹೊಸ ಊರುಗಳೇ ಎದ್ದವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಬಂದಳು. ಎರಡಡಿ ಗೋಡೆಯ ತಂಪನ್ನು ಎಷ್ಟು ಹೊಗಳಿದರೂ, ಮೂರು ದಿನ ಬಿಡದೆ ಹಿಡಿದ ಮಳೆಯಲ್ಲಿ ಅದರ ಕೆಳಗೆ ಮಲಗಿದವನಿಗೆ ಆ ಹೊಗಳಿಕೆ ಬೇಡ.

ಆದರೆ ಆಸರೆ ಮನೆಗಳ ವಿಷಯದಲ್ಲಿ ಜನ ಎತ್ತಿದ ತಕರಾರು ಒಂದಿತ್ತು. "ದನ ಎಲ್ಲಿ ಕಟ್ಟೂಣು?" ಎಂಬುದು. ಒಂದು ಹಾಲು, ಒಂದು ಅಡುಗೆಮನೆ, ಒಂದು ಕೋಣೆಯ ನಕಾಶೆಯಲ್ಲಿ ದಂದಕ್ಕಿಗೆ ಜಾಗವೇ ಇರಲಿಲ್ಲ. ಹಲವರು ಹೊಸ ಮನೆಗೆ ಹೋಗದೆ ಹಳೆಯ ಊರಿನಲ್ಲೇ ಉಳಿದರು. ಹೋದವರು ಮನೆಯ ಮಗ್ಗುಲಿಗೆ ಪತ್ರಾಸಿನ ಶೆಡ್ಡು ಹೊಡೆದರು. ಮನೆಯ ಗೋಡೆಗೇ ಆನಿಸಿದ ಆ ಶೆಡ್ಡಿನಲ್ಲಿ ಮೊದಲು ಎಮ್ಮೆ, ಆಮೇಲೆ ಬೈಕು. ತಗಡು ಬಿಸಿಲಿಗೆ ಕಾಯುವ ಪರಿ ಎಲ್ಲರಿಗೂ ಗೊತ್ತು. ಆ ಗೋಡೆಯ ಆಚೆ ಮಲಗುವವರ ಸೆಕೆಗೆ ಯಾರೂ ಯೋಜನೆಯಲ್ಲಿ ಕಾಲಂ ಇಟ್ಟಿರಲಿಲ್ಲ.

ಮಗ್ಗದ ಮಗ್ಗುಲ ಗೋಡೆ

ಇದೇ ಊರಸಾಲಿನಲ್ಲಿ ಇನ್ನೊಂದು ನಡುಗೋಡೆ ಇದೆ. ಇಳಕಲ್, ಗುಳೇದಗುಡ್ಡ, ಕಮತಗಿ, ಸೂಳೇಭಾವಿಗಳ ನೇಕಾರರ ಮನೆಯಲ್ಲಿ ಮಗ್ಗಕ್ಕೂ ಸಂಸಾರಕ್ಕೂ ನಡುವಿನದು. ಕುಣಿಮಗ್ಗವಿದ್ದಾಗ ತೊಂದರೆ ಇರಲಿಲ್ಲ. ಕಾಲಿಳಿಬಿಡುವ ಕುಣಿಯ ಮಣ್ಣು ತಂಪಾಗಿರುತ್ತಿತ್ತು. ಗಾಳಿ ತೀರ ಒಣಗಿದರೆ ಎಳೆ ಹರಿಯುತ್ತದೆಂದು ಆ ಕೋಣೆಗೆ ಬಿಸಿಗಾಳಿ ಬಾರದಂತೆಯೇ ನೋಡಿಕೊಳ್ಳುತ್ತಿದ್ದರು. ವಿದ್ಯುತ್ ಮಗ್ಗ ಬಂದ ಮೇಲೆ ಬಿಸಿಯ ಜೊತೆಗೆ ಸದ್ದು ಸೇರಿತು. ಅದರ ಗದ್ದಲ 90 ಡೆಸಿಬಲ್ ದಾಟುತ್ತದೆ. ಗೋಡೆಯಾಚೆ ಮಕ್ಕಳು ಓದಬೇಕು, ಹಸುಗೂಸು ಮಲಗಬೇಕು.

ಇಲ್ಲಿ ಎಷ್ಟೋ ಜನ ಮೋಸ ಹೋಗುತ್ತಾರೆ. ಬಿಸಿ ತಡೆಯುವುದು ಸದ್ದನ್ನೂ ತಡೆದೀತು ಎಂದು ಗೋಡೆಗೆ ಥರ್ಮಾಕೋಲ್ ಅಂಟಿಸುತ್ತಾರೆ. ಥರ್ಮಾಕೋಲಿಗೆ ತೂಕವಿಲ್ಲ, ಸದ್ದು ತಡೆಯಲು ತೂಕ ಬೇಕು. ಗೋಡೆಯ ತೂಕ ಇಮ್ಮಡಿಯಾದರೆ ದಾಟುವ ಸದ್ದು ಐದಾರು ಡೆಸಿಬಲ್ ತಗ್ಗುತ್ತದೆ. ಹಾಗಾಗಿ ಮಗ್ಗದ ಮಗ್ಗುಲಿಗೆ ಒಂಬತ್ತಿಂಚಿನ ಭಾರದ ಇಟ್ಟಂಗಿ ಗೋಡೆಯೇ ಒಳ್ಳೆಯದು. ಹಗುರ ಎಎಸಿ ಬ್ಲಾಕ್ ಅಲ್ಲಿ ಅಷ್ಟು ಉಪಯೋಗಕ್ಕೆ ಬಾರದು. ಮಗ್ಗದ ಕಾಲಿನ ಕೆಳಗೆ ದಪ್ಪ ರಬ್ಬರ್ ಇಟ್ಟರೆ ನೆಲದ ಮೂಲಕ ಸಾಗುವ ಅದುರು ತಗ್ಗುತ್ತದೆ. ಗೋಡೆಯ ತಲೆಯಲ್ಲಿ, ಸ್ಲ್ಯಾಬಿನ ಅಡಿಗೆ ಬೆರಳು ತೂರುವಷ್ಟು ಸಂದಿ ಉಳಿದರೆ ಮಾತ್ರ ಮಾಡಿದ್ದೆಲ್ಲ ನೀರಿನಲ್ಲಿಟ್ಟ ಹೋಮ. ಗ್ಯಾರೇಜಿನ ಗೋಡೆಗೂ ಮಗ್ಗದ ಗೋಡೆಗೂ ಒಂದೇ ಮದ್ದಿಲ್ಲ ಎಂಬುದಕ್ಕಾಗಿ ಇಷ್ಟು ಹೇಳಬೇಕಾಯಿತು.

ಅಮೆರಿಕದ ಗೋಡೆ ಏನು ಕೇಳುತ್ತದೆ

ಮಗ ಅಮೆರಿಕದಲ್ಲಿದ್ದು ರಜೆಗೆ ಊರಿಗೆ ಬಂದಾಗ ಸಲಹೆ ಕೊಡುವುದುಂಟು: "ನಮ್ಮಲ್ಲಿ ಗ್ಯಾರೇಜಿನ ಗೋಡೆಗೆ ಇನ್ಸುಲೇಶನ್ ಹಾಕೇ ಹಾಕ್ತಾರಪ್ಪ." ಹಾಕುತ್ತಾರೆ ನಿಜ. ಮಿಷಿಗನ್ನಿನ ಜನವರಿಯಲ್ಲಿ ಗ್ಯಾರೇಜ್ ಮಂಜುಗಟ್ಟುತ್ತದೆ, ಗೋಡೆಯ ಈಚೆ ಮನೆ ಹೀಟರಿನಿಂದ ಬೆಚ್ಚಗಿರುತ್ತದೆ. ಕಟ್ಟಿಗೆಯ ಚೌಕಟ್ಟಿನ ಟೊಳ್ಳು ಗೋಡೆಯಾದ್ದರಿಂದ ಒಳಗೆ ಗ್ಲಾಸ್‌ವೂಲ್ ತುಂಬುವುದು ಸುಲಭ. ಅವರು ಕಾಯುವುದು ಮನೆಯ ಬಿಸಿಯನ್ನು, ನಾವು ಕಾಯಬೇಕಾದದ್ದು ಮನೆಯ ತಂಪನ್ನು. ಗೋಡೆಯೂ ಬೇರೆ, ಹವೆಯೂ ಬೇರೆ, ಅವರ ಗೋಡೆಯನ್ನು ಹಾಗೇ ಎತ್ತಿ ತರಲಾಗದು.

ಅವರ ಕಟ್ಟಡ ನಿಯಮದಲ್ಲಿ ನಾವು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದಾದ ಭಾಗ ಬೇರೆ ಇದೆ. ಅಲ್ಲಿ ಬಹುತೇಕ ರಾಜ್ಯಗಳು ಆಧಾರವಾಗಿಟ್ಟುಕೊಳ್ಳುವ ಮನೆ ಕಟ್ಟುವ ಸಂಹಿತೆಯ ಪ್ರಕಾರ ಗ್ಯಾರೇಜಿನ ಕಡೆಗೆ ಗೋಡೆಯ ಮೇಲೆ ಅರ್ಧ ಇಂಚಿನ ಜಿಪ್ಸಮ್ ಹಲಗೆ ಇರಲೇಬೇಕು. ಅದು ಸೆಕೆಗಾಗಲಿ ಚಳಿಗಾಗಲಿ ಅಲ್ಲ, ಬೆಂಕಿಗೆ. ಗ್ಯಾರೇಜಿನ ಮೇಲೆ ವಾಸದ ಕೋಣೆ ಇದ್ದರೆ ಅದರ ಸೀಲಿಂಗಿಗೆ ಇನ್ನೂ ದಪ್ಪದ, ಬೆಂಕಿ ತಾಳುವ ಬಗೆಯ ಹಲಗೆ. ನಡುವಿನ ಬಾಗಿಲು ಗಟ್ಟಿ ಹಲಗೆಯದಾಗಿರಬೇಕು, ಇಲ್ಲವೇ 20 ನಿಮಿಷ ಬೆಂಕಿ ತಡೆಯುವಂಥದು. ಗ್ಯಾರೇಜಿನಿಂದ ಮಲಗುವ ಕೋಣೆಗೆ ನೇರವಾಗಿ ಬಾಗಿಲಾಗಲಿ, ಕಿಂಡಿಯಾಗಲಿ ಇರಕೂಡದು. ಈ ಕೊನೆಯ ಮಾತನ್ನು ನಮ್ಮ ಎಂಜಿನಿಯರುಗಳು ನಕಾಶೆಯ ತಲೆಯ ಮೇಲೆ ಬರೆದುಕೊಳ್ಳಬೇಕು. ನಮ್ಮಲ್ಲಿ "ಗಾಳಿಗಿರಲಿ" ಎಂದು ಪಾರ್ಕಿಂಗಿಗೂ ಮಲಗುವ ಕೋಣೆಗೂ ನಡುವೆ ಗವಾಕ್ಷಿ ಬಿಡುವುದೇ ರೂಢಿ. ಆ ಗವಾಕ್ಷಿಯಿಂದ ಬರುವ ಗಾಳಿ ಎಂಥದು? ಚಾಲೂ ಬಿಟ್ಟ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಕರೆಂಟು ಹೋದಾಗ ಜನರೇಟರನ್ನು ಪಾರ್ಕಿಂಗಿನಲ್ಲೇ ಇಟ್ಟು ಓಡಿಸುವ ಅಂಗಡಿ-ಮನೆಗಳಿಗಂತೂ ಈ ಕಿಂಡಿ ದೊಡ್ಡ ಅಪಾಯ.

ಇನ್ನೊಂದು ನಮ್ಮದೇ ಆವಿಷ್ಕಾರವಿದೆ. ಏರ್ ಕೂಲರ್ ಬೀದಿಗೆ ಕಾಣಬಾರದು, ಧೂಳು ಹಿಡಿಯಬಾರದು ಎಂದು ಅದನ್ನು ಪಾರ್ಕಿಂಗಿನಲ್ಲಿಟ್ಟು ಮೂತಿಯನ್ನು ಮಾತ್ರ ಕಿಟಕಿಯಿಂದ ಕೋಣೆಗೆ ತೂರಿಸುವುದು. ಕೂಲರ್ ಹಿಂದಿನ ಗಾಳಿಯನ್ನು ಎಳೆದು ಮುಂದಕ್ಕೆ ಊದುತ್ತದೆ. ಹಿಂದಿರುವುದು ಪೆಟ್ರೋಲ್ ವಾಸನೆಯ, ಎಂಜಿನ್ ಬಿಸಿಯ ಗಾಳಿ. ಕೂಲರಿನ ಬೆನ್ನು ಯಾವಾಗಲೂ ಬಯಲಿಗಿರಬೇಕು.

ಏನು ಮಾಡಬಹುದು

ಇನ್ನೂ ಪಾಯ ತೋಡದವರು ಭಾಗ್ಯವಂತರು. ಪಾರ್ಕಿಂಗ್ ಪಡುವಣಕ್ಕೋ ತೆಂಕಣಕ್ಕೋ ಬರಲಿ, ಅದರ ನೆಲ ಮನೆಯ ನೆಲಕ್ಕಿಂತ ಅರ್ಧ ಅಡಿ ತಗ್ಗಿರಲಿ, ಬೀದಿಯ ಕಡೆಗೆ ಇಳಿಜಾರಿರಲಿ. ಮುಂದೆ ಶಟರ್ ಬದಲು ಕಬ್ಬಿಣದ ಗ್ರಿಲ್ ಗೇಟು. ಕಳ್ಳರ ಭಯಕ್ಕೆ ಶಟರೇ ಬೇಕೆಂದರೆ ರಂಧ್ರವಿರುವ ಶಟರ್ ಸಿಗುತ್ತದೆ. ಪಕ್ಕದ ಗೋಡೆಯಲ್ಲಿ ನೆಲದ ಹತ್ತಿರ ಒಂದು, ಸೂರಿನ ಹತ್ತಿರ ಒಂದು ಜಾಲಂಧ್ರ ಇಟ್ಟರೆ ತಂಪುಗಾಳಿ ಕೆಳಗಿನಿಂದ ಬಂದು ಬಿಸಿಗಾಳಿ ಮೇಲಿನಿಂದ ಹೋಗುತ್ತದೆ. ಪೆಟ್ರೋಲಿನ ಆವಿಗೂ ಕೆಳಗಿನದೇ ದಾರಿ. ಪಾರ್ಕಿಂಗಿನ ಬೆನ್ನಿಗೆ ಮಲಗುವ ಕೋಣೆಯ ಬದಲು ಜಿನೆಯೋ ಬಚ್ಚಲೋ ಬಂದರೆ ಇನ್ನೂ ಒಳ್ಳೆಯದು. ಸಾಮಾನಿನ ಕೋಣೆ ಬೇಡ. ಕರದಂಟಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಬ್ಬರಿ, ತುಪ್ಪ, ಗೋಡಂಬಿ ಸೆಕೆಗೆ ಬೇಗ ಮುಗ್ಗುತ್ತವೆ, ಜಿಡ್ಡಿನ ಪದಾರ್ಥ ಪೆಟ್ರೋಲ್ ವಾಸನೆಯನ್ನೂ ಹೀರುತ್ತದೆ.

ಗೋಡೆಯನ್ನು ಹೊಸದಾಗಿ ಏಳಿಸುವವರಿಗೆ ಆರಿಂಚಿನ ಎಎಸಿ ಬ್ಲಾಕ್ ಸುಲಭದ ದಾರಿ. ಇಟ್ಟಂಗಿಯೇ ಬೇಕೆಂದರೆ, ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ, ಇಟ್ಟಂಗಿಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ಪದ್ಧತಿ ಇದೆ. ಒಂಬತ್ತಿಂಚಿನ ದಪ್ಪ, ಆದರೆ ಸುಮಾರು ಕಾಲುಭಾಗ ಇಟ್ಟಂಗಿ ಉಳಿತಾಯ. ಟೊಳ್ಳಿನ ಗಾಳಿ ಬಿಸಿಯನ್ನೂ ಒಂದಿಷ್ಟು ತಡೆಯುತ್ತದೆ. ಅದಕ್ಕೆ ಒಂದೇ ಅಳತೆಯ ಇಟ್ಟಂಗಿ ಬೇಕು, ಕೈ ಪಳಗಿದ ಗೌಂಡಿಯೂ ಬೇಕು. ಸೊಟ್ಟಪಟ್ಟ ಇಟ್ಟಂಗಿಯಲ್ಲಿ ಹಾಗೆ ಕಟ್ಟಿಸಲು ಹೋಗಬೇಡಿ.

ಈಗಾಗಲೇ ನಾಲ್ಕಿಂಚಿನ ಗೋಡೆ ನಿಂತಿರುವ ಮನೆಯವರು ಮೊದಲು ಸಂದಿ ಮುಚ್ಚಬೇಕು. ನಡುವಿನ ಬಾಗಿಲಿನ ಅಡಿಗೆ, ಅಂಚಿಗೆ ರಬ್ಬರ್ ಪಟ್ಟಿ. ವೈರಿಗೆ, ಪೈಪಿಗೆ ಕೊರೆದ ತೂತಿಗೆ ಸಿಮೆಂಟು. ಎರಡೂ ಕಡೆ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದ ಸ್ವಿಚ್ ಬೋರ್ಡು ಇದ್ದರೆ ಅಲ್ಲಿ ಗೋಡೆಯೇ ಇಲ್ಲವೆಂದು ತಿಳಿಯಿರಿ. ಪಾರ್ಕಿಂಗಿನ ಲಾಫ್ಟ್ ಕೋಣೆಯ ಲಾಫ್ಟಿಗೆ ತೆರೆದುಕೊಂಡಿದ್ದರೆ ನಡುವೆ ಇಟ್ಟಂಗಿ ಏರಿಸಿ. ಇಷ್ಟಕ್ಕೆ ಖರ್ಚು ಅಷ್ಟಾಗದು. ಆಮೇಲೆ ಶಟರಿನ ಹೊರಮೈಗೆ ಬಿಳಿ ಬಣ್ಣ. ಗಾಢ ನೀಲಿ, ಕಂದು ಬಣ್ಣದ ಶಟರ್ ಬಿಸಿಲನ್ನು ಹೀರುತ್ತದೆ.

ಇಷ್ಟಾದರೂ ಸೆಕೆ ಉಳಿದರೆ ಆಗ ನಾರಿನ ಹಲಗೆಯ ಮಾತು. ಹಚ್ಚುವುದಾದರೆ ಪಾರ್ಕಿಂಗಿನ ಕಡೆಗೇ ಹಚ್ಚಬೇಕು. ಹಾಗೆ ಮಾಡಿದರೆ ಇಟ್ಟಂಗಿಯ ತೂಕ ಕೋಣೆಯ ಕಡೆ ಉಳಿದು ರಾತ್ರಿಯ ತಂಪನ್ನು ಹಿಡಿದಿಡುತ್ತದೆ. ರಾತ್ರಿ ಮಾತ್ರ ಏಸಿ ಓಡಿಸುವ ಕೋಣೆಯಲ್ಲಿ ಒಳಮೈಗೆ ಹಚ್ಚಿದರೆ ಕೋಣೆ ಬೇಗ ತಂಪಾಗುತ್ತದೆ ಎಂಬ ವಾದವೂ ಸರಿಯೇ. ಆದರೆ ಬೆಂಕಿಯ ದೃಷ್ಟಿಯಿಂದ ನೋಡಿದರೂ ನನ್ನ ಮತ ಪಾರ್ಕಿಂಗಿನ ಕಡೆಗೇ. ಗೋಡೆಗೆ ತಗಡಿನ ಚಾನೆಲ್ ಹೊಡೆದು ನಡುವೆ ಎರಡಿಂಚಿನ ರಾಕ್‌ವೂಲ್ ಕೂರಿಸಿ ಮೇಲೆ ಜಿಪ್ಸಮ್ ಅಥವಾ ಸಿಮೆಂಟ್ ಹಲಗೆ. ಕಟ್ಟಿಗೆಯ ಚೌಕಟ್ಟು ಬೇಡ, ಗೆದ್ದಲು ಬಿಡುವುದಿಲ್ಲ. ನೆಲದಿಂದ ಒಂದು ಗೇಣು ಮೇಲೆ ಶುರುಮಾಡಿ, ಗಾಡಿ ತೊಳೆದ ನೀರು ನಾರಿಗೆ ಹತ್ತಬಾರದು. ನೆನೆದ ನಾರು ಬಿಸಿ ತಡೆಯುವುದಿಲ್ಲ. ಕೆಳಗಿನ ಅಂಚನ್ನು ತಗಡಿನಿಂದ ಮುಚ್ಚದಿದ್ದರೆ ಇಲಿಗಳು ಗೂಡು ಕಟ್ಟುತ್ತವೆ. ಕೆಲಸ ಮಾಡುವಾಗ ತುಂಬುತೋಳಿನ ಅಂಗಿ, ಕೈಗವಸು, ಮುಖಕ್ಕೆ ಮಾಸ್ಕು ಹಾಕಿಕೊಳ್ಳಲು ಹೇಳಿ. ನಾರಿನ ಪುಡಿ ಚರ್ಮಕ್ಕೆ ತುರಿಕೆ ತರುತ್ತದೆ.

ಥರ್ಮಾಕೋಲ್ ಅಗ್ಗ, ಬಿಸಿ ತಡೆಯುವುದರಲ್ಲಿ ರಾಕ್‌ವೂಲಿಗೆ ಸರಿಸಮ. ಆದರೂ ಪಾರ್ಕಿಂಗಿನ ಗೋಡೆಗೆ ಬರಿಮೈ ಥರ್ಮಾಕೋಲ್ ಅಂಟಿಸಬೇಡಿ. ಅದು ಉರಿಯುತ್ತದೆ, ಕರಗಿ ಹನಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ. ಪೆಟ್ರೋಲ್ ಇರುವಲ್ಲಿ ಆ ಉಳಿತಾಯ ಬೇಡ. ಈಗ ಬ್ಯಾಟರಿ ಸ್ಕೂಟರುಗಳೂ ಬಂದಿವೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಇ-ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿಯಾಯಿತು. ಆದರೂ ಬಿಸಿಲಿನಲ್ಲಿ ಓಡಿ ಬಂದ ಸ್ಕೂಟರನ್ನು ಆ ಕ್ಷಣವೇ ಚಾರ್ಜಿಗೆ ಹಚ್ಚುವುದು, ರಾತ್ರಿಯೆಲ್ಲ ಮಲಗುವ ಕೋಣೆಯ ಗೋಡೆಗೆ ಆನಿಸಿ ಚಾರ್ಜ್ ಮಾಡುವುದು ತಪ್ಪು. ಬ್ಯಾಟರಿ ಆರಲು ಬಿಡಿ. ಚಾರ್ಜಿಂಗ್ ಪಾಯಿಂಟನ್ನು ಬೀದಿಯ ಕಡೆಯ ಗೋಡೆಗೆ ಹಾಕಿಸಿ. ಪಕ್ಕದಲ್ಲಿ ಕಣಿಕೆಯ ಹೊರೆ, ಹಳೆಯ ಗೋಣಿಚೀಲ, ಪೇಂಟಿನ ಡಬ್ಬಿ ಇರಬಾರದು.

ಈ ಊರುಗಳಲ್ಲಿ ಮನೆ ಕಟ್ಟಲು ಪರವಾನಗಿ ಕೊಡುವವರಿಗೆ, ವಸತಿ ಯೋಜನೆಗಳ ನಕಾಶೆ ಬರೆಯುವವರಿಗೆ ಒಂದು ಮನವಿ ಇದೆ. ಫಲಾನುಭವಿಯ ಹತ್ತಿರ ಎಮ್ಮೆಯೋ ಬೈಕೋ ಒಂದು ಇದ್ದೇ ಇರುತ್ತದೆ. ಅದಕ್ಕೊಂದು ತಗ್ಗಿನ ನೆಲ, ಒಂದು ಜಾಲಂಧ್ರ, ಒಂದು ಒಂಬತ್ತಿಂಚಿನ ಗೋಡೆಯನ್ನು ನಕಾಶೆಯಲ್ಲೇ ಬರೆಯಿರಿ. ಬರೆಯದಿದ್ದರೆ ಅವರು ಪತ್ರಾಸಿನ ಶೆಡ್ಡು ಹೊಡೆದೇ ಹೊಡೆಯುತ್ತಾರೆ.

ಇನ್ನು, ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದು ಗೋಡೆಗೆ ಹಾಕಲೋ ಸ್ಲ್ಯಾಬಿಗೆ ಹಾಕಲೋ ಎಂದು ಯೋಚಿಸುತ್ತಿರುವವರು ಈ ವರ್ಷ ಸ್ಲ್ಯಾಬಿಗೇ ಹಾಕಿ. ಮಾರ್ಚ್ ಮುಗಿಯುವುದರೊಳಗೆ ಅದರ ಮೇಲೆ ಎರಡು ಕೈ ಬಿಳಿ ಸುಣ್ಣ ಹೊಡೆಸಿ, ಪಾರ್ಕಿಂಗಿನ ಶಟರನ್ನು ಹಗಲು ಅರ್ಧ ಎತ್ತಿಡಿ. ಗೋಡೆಯ ಕೆಲಸ ಮುಂದಿನ ಬೇಸಿಗೆಗೆ ಇಟ್ಟುಕೊಂಡರೂ ನಷ್ಟವಿಲ್ಲ.